ನಾಝಲ್ ಸುತ್ತ ಪಾರ್ಟಿಶನ್ ಮಾಡಿದರೂ ಅಬಾಕಸ್‌ನಲ್ಲಿ ಸೆಲ್ ಕಿತ್ತಳೆ ಬಣ್ಣದಲ್ಲೇ ಉಳಿಯುತ್ತಿದೆ, ಯಾಕೆ?

ಅಬಾಕಸ್ ಎಂಬ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್‌ನಲ್ಲಿ ಸೆಲ್ (ಮಾಡೆಲ್‌ನ ಒಂದು ತುಂಡು) ಕಿತ್ತಳೆಯಾಗಿದ್ದರೆ, ಆಯ್ದ ಎಲಿಮೆಂಟ್ ಆಕಾರದಲ್ಲಿ ಅದಕ್ಕೆ ಮೆಶ್ ಹಾಕಲಾಗದು, ಪಾರ್ಟಿಶನ್ ಮಾಡಿ ಇನ್ನೂ ಸರಳ ತುಂಡುಗಳಾಗಿ ಕತ್ತರಿಸಬೇಕು ಎಂದರ್ಥ. ನಿಮ್ಮ ಪೀಣ್ಯದ ಫ್ಯಾಬ್ರಿಕೇಟರ್ ಕಳಿಸಿದ ವೆಸೆಲ್‌ಗೆ (ಒತ್ತಡದ ಟ್ಯಾಂಕ್) ಒಳವ್ಯಾಸ 1000 ಮಿ.ಮೀ., ಗೋಡೆ 20, ನಾಝಲ್ (ಗೋಡೆಗೆ ಕೂಡುವ ಕೊಳವೆ) ಹೊರವ್ಯಾಸ 200, ಬುಡದಲ್ಲಿ 15ರ ಫಿಲೆಟ್ (ಮೂಲೆಯ ದುಂಡು). ನಾಝಲ್ ಸುತ್ತ ಚೌಕ ಕತ್ತರಿಸಿ, ಮೂಲೆಗಳಿಗೆ 45 ಡಿಗ್ರಿ ಪ್ಲೇನ್ ಹಾಕಿದ್ದೀರಿ. ಎಡವಟ್ಟು ಆಗಿರುವುದು ಆ ಪ್ಲೇನಿನಲ್ಲೇ.

ಚೌಕದ ಎರಡು ಬದಿಗಳನ್ನು ವೆಸೆಲ್ ಅಕ್ಷದ ಮೂಲಕ ±30 ಡಿಗ್ರಿಗೆ ಹಾಕಿದ್ದೀರಿ. ಅದು ಸರಿ, ಗೋಡೆಗೆ ಲಂಬವಾಗಿ ಕತ್ತರಿಸುತ್ತದೆ. ಹೊರಮೈಯಲ್ಲಿ ಆ ಬದಿ ನಾಝಲ್ ಅಕ್ಷದಿಂದ 520 × ಸೈನ್ 30 = 260 ಮಿ.ಮೀ. ದೂರದಲ್ಲಿದೆ, ವೆಸೆಲ್ ಉದ್ದಕ್ಕೂ 260 ಇಟ್ಟಿರುವುದರಿಂದ ಪ್ಲೇನ್ ಮೂಲೆಗೇ ಹೋಗುತ್ತದೆ. ಒಳಮೈಯಲ್ಲಿ ಅದೇ ಬದಿ 250ಕ್ಕೆ ಬಂದಿರುತ್ತದೆ, ಉದ್ದದ ದಿಕ್ಕಿನಲ್ಲಿ ಮಾತ್ರ ಇನ್ನೂ 260. ಹೀಗಾಗಿ ಪ್ಲೇನ್ ಮೂಲೆಗಿಂತ 10 ಮಿ.ಮೀ. ಮೊದಲೇ ಬದಿಯನ್ನು ಮುಟ್ಟಿ, ಹೊರಮೈಯಲ್ಲಿ ಸೊನ್ನೆಗಿಳಿಯುವ ಬೆಣೆಯೊಂದನ್ನು ಬಿಡುತ್ತದೆ. ಸ್ಟ್ರಕ್ಚರ್ಡ್ ಮೆಶ್‌ಗೆ (ಸಾಲುಸಾಲಾಗಿ ಜೋಡಿಸಿದ ಹೆಕ್ಸ್, ಅಂದರೆ ಆರು ಮುಖದ ಎಲಿಮೆಂಟ್‌ಗಳ ಜಾಲ) ಪ್ರತಿ ವರ್ಟೆಕ್ಸ್‌ನಲ್ಲಿ (ಮೂಲೆಬಿಂದು) ಆ ಸೆಲ್‌ನ ಮೂರೇ ಎಡ್ಜ್ (ಅಂಚು) ಸೇರಬೇಕು. ಇಲ್ಲಿ ಅದೇ ಕೆಡುತ್ತದೆ.

ಪ್ಲೇನ್ ಅಳಿಸಿ. ಮೊದಲು ನಾಝಲ್ ಅಕ್ಷದ ಮೇಲೆಯೇ 150 ತ್ರಿಜ್ಯದ ವೃತ್ತ ಬರೆದು, ಎಕ್ಸ್‌ಟ್ರೂಡ್ ಎಡ್ಜಸ್‌ನಿಂದ (ಗೆರೆಯನ್ನು ನೇರ ಚಾಚಿ ಕತ್ತರಿಸುವ ಟೂಲ್) ಗೋಡೆಯ ಪೂರ್ತಿ ಕತ್ತರಿಸಿ. ಫಿಲೆಟ್ ಸುಮಾರು 115ಕ್ಕೆ ಮುಗಿಯುವುದರಿಂದ ಸಾಕಷ್ಟು ಜಾಗ ಇದೆ. ಫಿಲೆಟ್ ಅಂಚಿಗೆ ತೀರಾ ಹತ್ತಿರ ಕತ್ತರಿಸಬೇಡಿ: ಒಂದೋ ಸರಿಯಾಗಿ ಎಡ್ಜ್ ಮೇಲೆ, ಇಲ್ಲವೇ ಒಂದು ಎಲಿಮೆಂಟ್ ಅಳತೆಯಷ್ಟಾದರೂ ದೂರ. ಈ ವೃತ್ತದ ಕಟ್ ಗೋಡೆಯ ಲಂಬಕ್ಕೆ ಹೆಚ್ಚೆಂದರೆ 17 ಡಿಗ್ರಿ ವಾಲುತ್ತದೆ, ನಡೆಯುತ್ತದೆ. ತ್ರಿಜ್ಯ 350 ಆಗಿದ್ದರೆ 44 ಡಿಗ್ರಿ. ಆಗ ಈ ದಾರಿ ಬೇಡ.

ಆಮೇಲೆ ವೃತ್ತದೊಳಗಿನ ಉಂಗುರವನ್ನಷ್ಟೇ 45ರ ಪ್ಲೇನಿನಿಂದ ಸೀಳಿ. ಆ ಸೀಳು ವೃತ್ತವನ್ನು ಮುಟ್ಟುವಲ್ಲಿಂದ ಚೌಕದ ಮೂಲೆಗೆ ಒಳಮೈ, ಹೊರಮೈ ಎರಡರಲ್ಲೂ ಬೇರೆ ಬೇರೆಯಾಗಿ ಫೇಸ್ ಪಾರ್ಟಿಶನ್ ಎಳೆಯಿರಿ (ಶಾರ್ಟೆಸ್ಟ್ ಪಾತ್ ಸಾಕು). ಈ ಎರಡು ಗೆರೆ, ಜೊತೆಗೆ ಗೋಡೆಯ ದಪ್ಪದ ಎರಡು ಎಡ್ಜ್: ಒಟ್ಟು ನಾಲ್ಕನ್ನು ಆಯ್ದು ಎನ್-ಸೈಡೆಡ್ ಪ್ಯಾಚ್ (ಆಯ್ದ ಎಡ್ಜ್‌ಗಳ ನಡುವೆ ಮೇಲ್ಮೈ ಹೆಣೆದು ಕತ್ತರಿಸುವ ಟೂಲ್) ಕೊಡಿ. ಕಟ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಆದರೆ ಎರಡೂ ಮೂಲೆಗಳನ್ನು ಮುಟ್ಟುತ್ತದೆ.

ಫಿಲೆಟ್ ಭಾಗ ಎಲ್ ಆಕಾರದ್ದು. ಫಿಲೆಟ್ ಮಧ್ಯದಿಂದ ಒಳಗಿನ ಮೂಲೆಗೆ ಇದೇ ರೀತಿ ಪ್ಯಾಚ್ ಹಾಕಿ, ನಾಝಲನ್ನು ಫಿಲೆಟ್‌ಗಿಂತ ಮೇಲೆ ಅಡ್ಡ ಕತ್ತರಿಸಿ. ಲೋಡ್ ಬರೀ ಒಳ ಒತ್ತಡವಾದರೆ ಕಾಲು ಮಾಡೆಲ್ ಸಾಕು, ಕೆಲಸವೂ ಕಾಲು ಭಾಗಕ್ಕೆ ಇಳಿಯುತ್ತದೆ.

ಕ್ಲೈಂಟ್ ಚೆಕ್‌ಲಿಸ್ಟ್‌ನಲ್ಲಿ ಹೆಕ್ಸ್ ಕಡ್ಡಾಯ ಅಂತ ಇಲ್ಲದಿದ್ದರೆ, ಫಿಲೆಟ್ ಹತ್ತಿರ ಸಣ್ಣ ಅಳತೆಯ ಸಿ3ಡಿ10 ಟೆಟ್ (ಹತ್ತು ನೋಡ್‌ನ, ನಾಲ್ಕು ಮುಖದ ಎಲಿಮೆಂಟ್) ಹಾಕಿ ಮುಗಿಸಿಬಿಡಿ.