ಪಕ್ಕದ ಚಕ್ರ ಮತ್ತೆ ಹಾಕಿಸಬೇಡಿ

ಜಯನಗರದ ಓದುಗರೊಬ್ಬರು ಬರೆದಿದ್ದಾರೆ: ಎಂಟು ವರ್ಷದ ಮಗಳು ಪಕ್ಕದ ಪುಟ್ಟ ಚಕ್ರಗಳನ್ನು ಬಿಚ್ಚಿಸಿಕೊಂಡು ಸೈಕಲ್ ಕಲಿತಳು. ವಾರ ಕಳೆಯುವುದರೊಳಗೆ, ಗೇಟಿನ ಬಳಿ ನಿಂತಿದ್ದ ಅಜ್ಜಿಗೆ ತೋರಿಸಲೆಂದು ಎರಡೂ ಕೈ ಬಿಟ್ಟು ಬರುತ್ತಿದ್ದಾಗ ಹಂಪ್ ಮೇಲೆ ಮುಂದಿನ ಚಕ್ರ ಹೊರಳಿ ಬಿದ್ದಳು. ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ. ‘ಹೆಣ್ಣು ಮಗುವಿಗೆ ಇಷ್ಟು ಧೈರ್ಯ ಬೇಡ ಎನ್ನುತ್ತಾರೆ ಅತ್ತೆಯವರು. ಪ್ಲಾಸ್ಟರ್ ತೆಗೆದ ಮೇಲೆ ಪಕ್ಕದ ಚಕ್ರ ಮತ್ತೆ ಹಾಕಿಸಲೇ, ಸೈಕಲ್ಲನ್ನೇ ಯಾರಿಗಾದರೂ ಕೊಟ್ಟುಬಿಡಲೇ?’

ಎರಡೂ ಬೇಡ ತಾಯಿ. ಸೈಕಲ್ ಎಡಕ್ಕೆ ವಾಲಿದಾಗ ಹ್ಯಾಂಡಲ್ಲನ್ನು ಎಡಕ್ಕೇ ತಿರುಗಿಸಿದರೆ ಚಕ್ರಗಳು ಮತ್ತೆ ಮೈಯ ಭಾರದ ಕೆಳಗೆ ಬಂದು ನಿಲ್ಲುತ್ತವೆ; ಸಮತೋಲನವೆಂದರೆ ಕ್ಷಣಕ್ಷಣವೂ ನಡೆಯುವ ಈ ಸಣ್ಣ ತಿದ್ದುಪಡಿಯೇ. ಪಕ್ಕದ ಚಕ್ರಗಳಿದ್ದರೆ ಸೈಕಲ್ ವಾಲುವುದೇ ಇಲ್ಲವಾದ್ದರಿಂದ, ಮಗು ತುಳಿಯುವುದನ್ನು ಕಲಿಯುತ್ತದೆಯೇ ಹೊರತು ಈ ತಿದ್ದುಪಡಿಯನ್ನು ಕಲಿಯುವುದಿಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಮರದ ದ್ವಿಚಕ್ರಕ್ಕೆ ಪೆಡಲೇ ಇರಲಿಲ್ಲ. ಸವಾರ ಕಾಲಿನಿಂದ ನೆಲ ಒದ್ದುಕೊಂಡು ಸಾಗುತ್ತಿದ್ದ. ಪೆಡಲು ಬಂದದ್ದು ದಶಕಗಳ ಅನಂತರ. ಬಾಡಿಗೆಗೆ ತಂದ ದೊಡ್ಡವರ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದ ನಮ್ಮ ತಲೆಮಾರಿನವರಿಗೂ ಮೊದಲು ದಕ್ಕಿದ್ದು ಸಮತೋಲನವೇ. ನಿಮ್ಮ ಮಗಳಿಗೆ ಅದು ಈಗಾಗಲೇ ಒಲಿದಿದೆ.

ಅವಳಿಗೆ ಇನ್ನೂ ಬಾರದಿರುವುದು ನಿಲ್ಲಿಸುವ ವಿದ್ಯೆ. ಓಡುವ ಸೈಕಲ್ ಸಪಾಟು ರಸ್ತೆಯಲ್ಲಿ ಸ್ವಲ್ಪ ದೂರ ತಾನೇ ನೆಟ್ಟಗೆ ಹೋಗುತ್ತದೆ, ಕೈ ಬಿಡುವ ಧೈರ್ಯ ಬರುವುದೂ ಅದರಿಂದಲೇ. ಆದರೆ ಹಂಪ್ ಎದುರಾದಾಗ ಹ್ಯಾಂಡಲ್ ಹಿಡಿಯುವುದಕ್ಕೂ ಬ್ರೇಕ್ ಒತ್ತುವುದಕ್ಕೂ ಕೈ ಅಲ್ಲಿರಬೇಕು. ಆದ್ದರಿಂದ ಮೊದಲು ಅವಳ ಬೆರಳುಗಳು ಬ್ರೇಕಿನ ಹಿಡಿಗೆ ಎಟುಕುತ್ತವೆಯೇ, ಒತ್ತಿದರೆ ಚಕ್ರ ನಿಜವಾಗಿಯೂ ನಿಲ್ಲುತ್ತದೆಯೇ ನೋಡಿ. ಎಷ್ಟೋ ಮಕ್ಕಳ ಸೈಕಲ್ಲಿನಲ್ಲಿ ಆ ಹಿಡಿ ದೊಡ್ಡವರಿಗೇ ಬಿಗಿ. ಎರಡೂ ಪಾದ ನೆಲಕ್ಕೆ ಊರುವಷ್ಟು ಸೀಟು ತಗ್ಗಿಸಿ. ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆದು, ಅದನ್ನು ದಾಟದೆ ನಿಲ್ಲುವ ಆಟ ಆಡಿಸಿ. ಎರಡೂ ಬ್ರೇಕನ್ನು ಒಟ್ಟಿಗೆ ಮೆಲ್ಲಗೆ ಒತ್ತಲಿ. ಮುಂದಿನದನ್ನೊಂದನ್ನೇ ಗಕ್ಕನೆ ಹಿಡಿದರೆ ಹ್ಯಾಂಡಲ್ಲಿನ ಮೇಲಿಂದ ಮುಗ್ಗರಿಸುತ್ತಾಳೆ. ಇದು ಕೈಗೆ ಹತ್ತಿದ ಮೇಲೆ ಒಂದು ಕೈ ಬಿಟ್ಟು ತಿರುವಿನ ಸನ್ನೆ ಮಾಡುವುದನ್ನು ಕಲಿಸಿ. ಕೈ ಬಿಡುವ ಆಸೆಗೂ ಅದರಲ್ಲಿ ಜಾಗವಿದೆ.

ನಿಮ್ಮ ಅತ್ತೆಯವರ ಆತಂಕ ಪ್ರೀತಿಯಿಂದ ಹುಟ್ಟಿದ್ದು, ಅದನ್ನು ನಾವು ಗೌರವಿಸುತ್ತೇವೆ. ಹಾಗಿದ್ದರೂ ಬಿದ್ದವನು ಹುಡುಗನಾಗಿದ್ದರೆ ಸೈಕಲ್ ಕೊಟ್ಟುಬಿಡುವ ಮಾತು ಮನೆಯಲ್ಲಿ ಏಳುತ್ತಿತ್ತೇ ಎಂದು ಅವರನ್ನು ವಿನಯದಿಂದಲೇ ಕೇಳಿ. ಮಕ್ಕಳ ಮೂಳೆ ದೊಡ್ಡವರದಕ್ಕಿಂತ ಬೇಗ ಕೂಡುತ್ತದೆ ಎಂಬುದನ್ನೂ ತಿಳಿಸಿ.

ಯಾವಾಗ ಮತ್ತೆ ಹತ್ತಬಹುದೆಂಬುದನ್ನು ಮೂಳೆ ವೈದ್ಯರೇ ಹೇಳಲಿ. ಅಲ್ಲಿಯವರೆಗೆ ಹಣೆ ಮುಚ್ಚುವಂಥ, ಗಲ್ಲದ ಪಟ್ಟಿ ಸಡಿಲವಾಗದ ಹೆಲ್ಮೆಟ್ ಒಂದನ್ನು ಅವಳನ್ನೇ ಕರೆದೊಯ್ದು ಆರಿಸಿ. ಮೊದಲ ಸವಾರಿಗೆ ನಿಮ್ಮ ಬಡಾವಣೆಯ ರಸ್ತೆಗಿಂತ, ಭಾನುವಾರ ವಾಹನಗಳಿಗೆ ಮುಚ್ಚಿರುವ ಕಬ್ಬನ್ ಪಾರ್ಕಿನ ಒಳರಸ್ತೆ ಲೇಸು. ಬೆಳಿಗ್ಗೆ ಬೇಗ ಹೋದರೆ ನಡೆಯುವವರ ಸಂದಣಿಯೂ ಕಡಿಮೆ.

— ಸಂಪಾದಕರು