ಬನ್ನೇರುಘಟ್ಟದಲ್ಲಿ ಮಕ್ಕಳು ಬಸ್ಸಲ್ಲೇ ನಿದ್ದೆ ಹೋದ್ರೆ?

ಹೋದ ಸಲ ಸಫಾರಿಗೆ ಕರೆದುಕೊಂಡು ಹೋದಾಗ ಆರು ವರ್ಷದ ಮಗಳೂ ಸೇರಿ ಮಕ್ಕಳೆಲ್ಲ ಬಸ್ಸಲ್ಲೇ ನಿದ್ದೆ ಹೋದರು, ಏನೂ ಕಲಿಯಲಿಲ್ಲ ಅಂತ ಬರೆದಿದ್ದೀರಿ. ನೀವು ಮಧ್ಯಾಹ್ನ ಹೋಗಿದ್ದೇ ಕಾರಣ ಇರಬೇಕು. ಸಿಂಹ ದಿನದ ಬಹುಪಾಲು ಬಿದ್ದುಕೊಂಡೇ ಇರುತ್ತದೆ. ಬಿಸಿಲೇರಿದ ಮೇಲೆ ಅದರ ಬೆನ್ನು ಕಂಡರೆ ಪುಣ್ಯ.

ಈ ಸಲ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಮಂಗಳವಾರ ರಜೆ, ನೆನಪಿರಲಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಸಫಾರಿ ಮುಗಿಸಿ, ಆಮೇಲೆ ಮೃಗಾಲಯ. ಚಿಟ್ಟೆ ಉದ್ಯಾನ ಕೊನೆಗಿರಲಿ. ಮೈ ಬೆಚ್ಚಗಾದರೇ ಚಿಟ್ಟೆ ಹಾರೋದು, ಹಾಗಾಗಿ ಅಲ್ಲಿಗೆ ಬಿಸಿಲೇ ಒಳ್ಳೆಯದು.

'ಏನೂ ಕಲಿಯಲಿಲ್ಲ' ಅಂದಿರಲ್ಲ, ಅದಕ್ಕೆ ಬೋರ್ಡ್ ಓದಿಸಬೇಡಿ, ಸುಮ್ನೆ ಹುಡುಕೋ ಕೆಲಸ ಕೊಡಿ. ಹುಲಿಯ ಕಿವಿಯ ಹಿಂದೆ ಬಿಳಿ ಚುಕ್ಕೆ ಇದೆಯಾ? ಕರಡಿಯ ಎದೆ ಮೇಲಿನ ಬಿಳಿ ಪಟ್ಟಿ ಯಾವ ಆಕಾರ? ಅದರ ಉಗುರು ಯಾಕೆ ಅಷ್ಟುದ್ದ? ನಮ್ಮ ಕರಡಿ ಹುತ್ತ ಕೆದರಿ, ಗೆದ್ದಲನ್ನು ಬಾಯಿಂದ ಜೋರಾಗಿ ಹೀರಿ ತಿನ್ನುತ್ತದೆ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇಲ್ಲದಿರೋದೂ ಅದಕ್ಕೇ ಅನುಕೂಲ. ಹಾಲುಹಲ್ಲು ಬಿದ್ದಿರೋ ನಿಮ್ಮ ಆರು ವರ್ಷದವಳಿಗೆ ಇದು ಜಾಸ್ತಿ ಇಷ್ಟವಾಗಬಹುದು!

ಹುಲಿ ಕಂಡೇ ಕಾಣುತ್ತದೆ ಅಂತ ಮಾತ್ರ ಮಾತು ಕೊಡಬೇಡಿ, ಅದು ಯಾರ ಕೈಯಲ್ಲೂ ಇಲ್ಲ. ಕಿಟಕಿ ಪಕ್ಕದ ಸೀಟು ಮಕ್ಕಳಿಗೇ ಬಿಡಿ.