ರೇಟು ಏರಿಸಿದ ಕಂಪನಿಯನ್ನು ಬಿಡೋದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೊಬೈಲ್ ಬಿಲ್ಲಿನ ಗೋಳು. ಅದರಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು, ಅದರೊಳಗೆ ಇನ್ನೂ ಹತ್ತು ಜನರ ಪ್ರಶ್ನೆ ಸೇರಿಕೊಂಡಿದೆ ಅಂದುಕೊಳ್ಳಿ.

ಪ್ರಶ್ನೆ: ಕಕ್ಕಬೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಫೆಬ್ರವರಿಯಲ್ಲಿ ಮಡಿಕೇರಿಯ ಒಂದು ಮೊಬೈಲ್ ಅಂಗಡಿಯವರ ಮಾತು ಕೇಳಿ ಮೂರು ನಂಬರಿಗೆ ಸೇರಿಸಿ ಪೋಸ್ಟ್‌ಪೇಯ್ಡ್ ಪ್ಲ್ಯಾನ್ ತಗೊಂಡೆವು. ಒಂದು ವರ್ಷ ರೇಟು ಏರಲ್ಲ, ನೀವೂ ಒಂದು ವರ್ಷ ಬಿಡೋ ಹಾಗಿಲ್ಲ ಅಂದಿದ್ದರು. ಮೊದಲ ಎರಡು ಬಿಲ್ಲಿಗೆ ರಿಯಾಯಿತಿ ಕೊಟ್ಟರು. ನಾಲ್ಕು ತಿಂಗಳು ಆಗಿದೆಯಷ್ಟೆ, ಮುಂದಿನ ಬಿಲ್ಲಿನಿಂದ 100 ರೂಪಾಯಿ ಜಾಸ್ತಿ ಅಂತ ಮೆಸೇಜ್ ಬಂದಿದೆ. ಬಿಡ್ತೀವಿ ಅಂದರೆ ಕಾಲ್ ಸೆಂಟರಿನವರು ರಿಯಾಯಿತಿ ದುಡ್ಡು ವಾಪಸ್ ಕಟ್ಟಿ ಅನ್ನುತ್ತಾರೆ. ನಂಬರ್ ಬದಲಾದರೆ ಗೆಸ್ಟುಗಳೇ ಹೋಗಿಬಿಡ್ತಾರೆ. ಏನು ಮಾಡೋದು ಮೇಡಂ?
(ಹೆಸರು ಬೇಡ, ಕಕ್ಕಬೆ)

ಉತ್ತರ: ಬಿಡೋ ಮಾತು ಆಮೇಲೆ ನೋಡೋಣ. ಮೊದಲು ಆ 100 ರೂಪಾಯಿಯನ್ನು ಅವರು ಈಗ ಕೇಳುವ ಹಾಗೇ ಇಲ್ಲ.

ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡೋ ನಿಯಂತ್ರಣ ಸಂಸ್ಥೆ ಟ್ರಾಯ್, ಅದರ ನಿಯಮ 2004ರಿಂದಲೂ ಇದೆ. ನೀವು ಒಂದು ಪ್ಲ್ಯಾನಿಗೆ ಸೇರಿದ ದಿನದಿಂದ ಆರು ತಿಂಗಳವರೆಗೆ ಆ ಪ್ಲ್ಯಾನಿನ ದರವನ್ನು ಏರಿಸಬಾರದು. ಇಳಿಸಬಹುದು, ಏರಿಸೋ ಹಾಗಿಲ್ಲ. ಆ ಆರು ತಿಂಗಳೊಳಗೂ ನೀವು ಬೇರೆ ಪ್ಲ್ಯಾನಿಗೆ ಹೋಗಬಹುದು. ಕಟ್ಟು ಇರೋದು ಕಂಪನಿಗೆ, ನಿಮಗಲ್ಲ. ನೀವು ಸೇರಿದ್ದು ಫೆಬ್ರವರಿ, ಹಾಗಾದರೆ ಆಗಸ್ಟ್‌ವರೆಗೆ ಹಳೇ ರೇಟೇ. ಈ ಒಂದು ಸಾಲನ್ನು ಹಿಡಿದು ಜಗಳ ಮಾಡಿದರೆ ಬಹಳ ಸಲ ಕಾಲ್ ಸೆಂಟರಿನವರ ದನಿಯೇ ಬದಲಾಗುತ್ತದೆ, ನಾನೇ ನೋಡಿದ್ದೇನೆ.

ಇನ್ನು ಒಂದು ವರ್ಷ ಏರಿಸಲ್ಲ ಅನ್ನೋ ಮಾತು. ಇದು ಸ್ವಲ್ಪ ಜಾರುವ ನೆಲ. ವರ್ಷದ ದುಡ್ಡು ಮುಂಗಡವಾಗಿ ಕಟ್ಟಿದ್ದರೆ ಆ ವರ್ಷ ಪೂರ್ತಿ ಪ್ಲ್ಯಾನು ಹಾಗೇ ನಡೆಯಬೇಕು, ಅದಕ್ಕೂ ನಿಯಮ ಇದೆ. ನೀವು ತಿಂಗಳು ತಿಂಗಳು ಕಟ್ಟುವವರು. ಅಂಗಡಿಯವನು ಬಾಯಲ್ಲಿ ಹೇಳಿದ್ದು ಮಾತ್ರ ಆದರೆ ಆರು ತಿಂಗಳ ಆಚೆಗೆ ಅದನ್ನು ತೋರಿಸೋದು ಕಷ್ಟ. ಅವನು ಕೊಟ್ಟ ಚೀಟಿ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೋ, ಏನಾದರೂ ಉಳಿದಿದೆಯಾ ಹುಡುಕಿ. ಸಿಕ್ಕಿದರೆ ಅಳಿಸಬೇಡಿ.

ಇದೇ ರೀತಿ ರಿಯಾಯಿತಿ ವಾಪಸ್ ಕೇಳೋದಕ್ಕೂ ಕಾಗದ ಬೇಕು, ಈ ಸಲ ಅವರ ಕಡೆಯಿಂದ. ಎಲ್ಲಿ ಬರೆದಿದೆ, ನಾನು ಎಲ್ಲಿ ಸಹಿ ಹಾಕಿದ್ದೇನೆ, ಕಳಿಸಿ ಅಂತ ಕೇಳಿ. ಹೆಚ್ಚಿನ ಪೋಸ್ಟ್‌ಪೇಯ್ಡ್‌ಗೆ ನಮ್ಮ ದೇಶದಲ್ಲಿ ಇಂತಿಷ್ಟು ತಿಂಗಳು ಇರಲೇಬೇಕು ಅನ್ನೋ ಕಟ್ಟುಪಾಡೇ ಇರೋದಿಲ್ಲ. ಫೋನ್ ಸೆಟ್ಟನ್ನು ಕಂತಿನಲ್ಲಿ ತಗೊಂಡಿದ್ದರೆ ಅದರ ಕಥೆ ಬೇರೆ. ನಿಮ್ಮ ಸಹಿ ಇರುವ ಕಾಗದದಲ್ಲಿ ಅಂಥ ಷರತ್ತು ನಿಜವಾಗಿಯೂ ಇದ್ದರೆ ಮಾತ್ರ ಪೋರ್ಟ್ ಅರ್ಜಿಗೆ, ಅಂದರೆ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸೋ ಅರ್ಜಿಗೆ, ಅದು ಅಡ್ಡ ಬರಬಹುದು. ಇಲ್ಲದಿದ್ದರೆ ಸುಮ್ನೆ ಹೆದರಿಸುತ್ತಿದ್ದಾರೆ ಅಷ್ಟೇ.

ದೂರು ಕೊಡೋ ದಾರಿ ಹೀಗೆ. 198ಕ್ಕೆ ಫೋನ್ ಮಾಡಿ, ದುಡ್ಡು ಹೋಗಲ್ಲ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ಅದಿಲ್ಲದೆ ಮುಂದಿನ ಮೆಟ್ಟಿಲು ಹತ್ತೋಕೆ ಆಗಲ್ಲ. ಅಲ್ಲಿ ಸರಿಹೋಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ, ಅವರು 39 ದಿನದಲ್ಲಿ ತೀರ್ಮಾನ ಹೇಳಬೇಕು. ತುಂಬಾ ಜನ ನೇರವಾಗಿ ಟ್ರಾಯ್‌ಗೆ ಪತ್ರ ಬರೆದು ಉತ್ತರಕ್ಕೆ ಕಾಯುತ್ತಾ ಕೂರುತ್ತಾರೆ. ಒಬ್ಬೊಬ್ಬರ ದೂರನ್ನು ವಿಚಾರಿಸೋದು ಟ್ರಾಯ್ ಕೆಲಸ ಅಲ್ಲ.

ಅಷ್ಟಕ್ಕೂ ಬಗ್ಗದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. ಮೊದಲು ಟೆಲಿಕಾಂ ಜಗಳ ಅಲ್ಲಿ ನಡೆಯಲ್ಲ ಅಂತ ಕಂಪನಿಗಳು ವಾದ ಮಾಡುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ನೀವು ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ಅರ್ಜಿಗೆ ಫೀಸೂ ಇಲ್ಲ. ಕಂಪನಿ ಆಫೀಸ್ ಎಲ್ಲೇ ಇರಲಿ, ನೀವಿರೋ ಜಿಲ್ಲೆಯಲ್ಲೇ ಹಾಕಬಹುದು. 100 ರೂಪಾಯಿಗೆ ಕಕ್ಕಬೆಯಿಂದ ಮಡಿಕೇರಿಗೆ ಎಷ್ಟು ಸಲ ಇಳಿದು ಹತ್ತುತ್ತೀರಿ ಅನ್ನೋದು ನಿಮಗೆ ಬಿಟ್ಟದ್ದು. ನಾನಾಗಿದ್ದರೆ ಮೇಲ್ಮನವಿವರೆಗೆ ಹೋಗಿ, ಅಷ್ಟರಲ್ಲಿ ಆಗಸ್ಟ್ ಬಂದರೆ ಕಂಪನಿ ಬದಲಿಸುತ್ತಿದ್ದೆ.

ಬದಲಿಸೋದಾದರೆ ನಂಬರ್ ನಿಮ್ಮದೇ ಉಳಿಯುತ್ತದೆ, ಗೆಸ್ಟುಗಳ ಚಿಂತೆ ಬೇಡ. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಿ. ಮೂರು ನಂಬರಿದ್ದರೆ ಮೂರರಿಂದಲೂ ಬೇರೆ ಬೇರೆಯಾಗಿ ಮಾಡಬೇಕು. ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ, ಅದನ್ನು ಹೊಸ ಕಂಪನಿಗೆ ಕೊಡಬೇಕು, ನಾಲ್ಕು ದಿನ ಮಾತ್ರ ನಡೆಯುತ್ತದೆ. ಕೋಡ್ ಬರಬೇಕಾದರೆ ಬಂದ ಬಿಲ್ ಬಾಕಿ ಇರಬಾರದು, ಆ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಕಳೆದುಹೋಗಿ ಹೊಸದು ತಗೊಂಡಿದ್ದರೆ ಏಳು ದಿನ ಕಾಯಬೇಕು, ಈ ನಿಯಮ 2024ರ ಜುಲೈ 1ರಿಂದ ಬಂದಿದ್ದು, ಮೋಸ ತಡೆಯೋಕೆ. ನೀವು ನಾಲ್ಕು ತಿಂಗಳು ಕಳೆದಿದ್ದೀರಿ, ಆ ಲೆಕ್ಕ ಸರಿ ಇದೆ. ಕರ್ನಾಟಕದೊಳಗೆ ಮೂರು ಕೆಲಸದ ದಿನದಲ್ಲಿ ಮುಗಿಯಬೇಕು.

ಒಂದು ವಿಷಯ ಮರೆಯಬೇಡಿ. ಪೋರ್ಟ್ ಆದ ಮೇಲೆ ಹಳೇ ಕಂಪನಿಯಿಂದ ಕೊನೆಯ ಬಿಲ್ ಬರುತ್ತದೆ. ಹೋದ ಮೇಲೆ ಇವರೇನು ಮಾಡ್ತಾರೆ ಅಂತ ಅದನ್ನು ಬಿಟ್ಟರೆ, ಅವರು ಹೇಳಿ ಹೊಸ ಕಂಪನಿಯಲ್ಲಿರೋ ನಿಮ್ಮ ನಂಬರನ್ನೇ ಕಟ್ ಮಾಡಿಸಬಹುದು. ಡಿಪಾಸಿಟ್ ಇಟ್ಟಿದ್ದರೆ ಅದನ್ನೂ ಬರೆದು ಕೇಳಿ, ತಾನಾಗಿ ಬರುತ್ತದೆ ಅಂತ ಕೂರಬೇಡಿ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ. 2025ರ ಸೆಪ್ಟೆಂಬರಿನಲ್ಲಿ 24 ತಿಂಗಳ ಕಾಂಟ್ರಾಕ್ಟ್ ಮಾಡಿ ಸಿಮ್ ತಗೊಂಡಳು. ಈಗ ತಿಂಗಳ ದುಡ್ಡು ಏರಿಸಿದ್ದಾರಂತೆ. ಮಧ್ಯದಲ್ಲಿ ಬಿಟ್ಟರೆ ದಂಡ ಅನ್ನುತ್ತಾಳೆ. ಇಲ್ಲಿಯ ಹಾಗೆ ಅಲ್ಲೂ ಬಿಡೋಕೆ ಆಗಲ್ವಾ?
(ಒಬ್ಬ ತಾಯಿ, ಗೋಣಿಕೊಪ್ಪಲು)

ಉತ್ತರ: ಅಲ್ಲಿಯ ಪದ್ಧತಿ ಬೇರೆ. ಅಲ್ಲಿ ಎರಡು ವರ್ಷದ ಕಾಂಟ್ರಾಕ್ಟ್ ಅಂದರೆ ನಿಜವಾಗಿಯೂ ಎರಡು ವರ್ಷ, ಮೊದಲೇ ಬಿಟ್ಟರೆ ದುಡ್ಡು ಕೇಳುತ್ತಾರೆ. ಆದರೆ ಅಲ್ಲಿಯ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2025ರ ಜನವರಿ 17ರಿಂದ ಒಂದು ನಿಯಮ ತಂದಿದೆ. ಮಧ್ಯದಲ್ಲಿ ಏರಿಸೋದಾದರೆ ಎಷ್ಟು ಪೌಂಡ್, ಎಷ್ಟು ಪೆನ್ಸ್, ಯಾವಾಗಿನಿಂದ ಅನ್ನೋದನ್ನು ಸಹಿ ಹಾಕೋ ಮೊದಲೇ ಲೆಕ್ಕದಲ್ಲಿ ತೋರಿಸಬೇಕು. ಹಣದುಬ್ಬರ ಪ್ಲಸ್ ಇಷ್ಟು ಶೇಕಡಾ ಅಂತ ಗೋಜಲು ಮಾಡೋ ಹಾಗಿಲ್ಲ. ಮಗಳ ಕಾಂಟ್ರಾಕ್ಟ್ ಅದಾದ ಮೇಲಿನದು.

ಹಾಗಾಗಿ ಅವಳು ನೋಡಬೇಕಾದ್ದು ಒಂದೇ. ಈಗ ಏರಿಸಿದ ಮೊತ್ತ ಕಾಂಟ್ರಾಕ್ಟಿನಲ್ಲಿ ಬರೆದ ಮೊತ್ತವೇನಾ? ಅಷ್ಟೇ ಆಗಿದ್ದರೆ ಬೇಜಾರಾದರೂ ಒಪ್ಪಿಕೊಂಡ ಹಾಗೆ, ದಂಡವಿಲ್ಲದೆ ಬಿಡೋಕೆ ಆಗಲ್ಲ. ಬರೆದದ್ದಕ್ಕಿಂತ ಜಾಸ್ತಿ ಏರಿಸಿದ್ದರೆ ಕಂಪನಿ ಒಂದು ತಿಂಗಳು ಮುಂಚೆ ತಿಳಿಸಬೇಕು, ದಂಡ ಕಟ್ಟದೆ ಹೊರಗೆ ಬರೋ ಹಕ್ಕು ಅವಳಿಗಿರುತ್ತದೆ. ಆ ಹಕ್ಕಿಗೂ ಗಡುವು ಇದೆ, ಮೆಸೇಜ್ ಬಂದ ಮೇಲೆ ಪರೀಕ್ಷೆ ಮುಗಿಯಲಿ ಅಂತ ತಳ್ಳಬಾರದು.

ದಂಡ ಎಷ್ಟು ಅಂತ ತಿಳಿಯೋಕೆ ಯಾರ ಜೊತೆಗೂ ಮಾತಾಡಬೇಕಿಲ್ಲ. ಅಲ್ಲಿ ಪ್ಯಾಕ್ ಅನ್ನೋ ಮೂರು ಇಂಗ್ಲಿಷ್ ಅಕ್ಷರ, ಅಂದರೆ ಪಿ ಎ ಸಿ ಬರೆದು 65075ಕ್ಕೆ ಕಳಿಸಿದರೆ ನಂಬರ್ ಬದಲಿಸೋ ಕೋಡ್ ಬರುತ್ತದೆ, ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನೋ ಲೆಕ್ಕವೂ ಜೊತೆಗೇ ಬರುತ್ತದೆ. ಕೋಡ್ 30 ದಿನ ನಡೆಯುತ್ತದೆ. ಕೇಳಿದ ಮಾತ್ರಕ್ಕೆ ಕಾಂಟ್ರಾಕ್ಟ್ ಮುರಿಯಲ್ಲ, ಹೊಸ ಕಂಪನಿಗೆ ಆ ಕೋಡ್ ಕೊಟ್ಟಾಗ ಮಾತ್ರ. ಎಷ್ಟೋ ಸಲ ಉಳಿದ ತಿಂಗಳ ದಂಡಕ್ಕಿಂತ ಏರಿದ ದುಡ್ಡು ಕಟ್ಟಿಕೊಂಡು ಹೋಗೋದೇ ಕಡಿಮೆಯಾಗುತ್ತದೆ, ಕೂಡಿ ಕಳೆದು ನೋಡೋಕೆ ಹೇಳಿ.

ಪ್ರಶ್ನೆ: ರೇಟು ಏರುತ್ತೆ ಅಂತ ಗೊತ್ತಾಗಿ ಹಿಂದಿನ ದಿನವೇ ಪ್ರೀಪೇಯ್ಡ್‌ಗೆ ಒಂದು ವರ್ಷದ ರೀಚಾರ್ಜ್ ಮಾಡಿಸಿದೆ. ವ್ಯತ್ಯಾಸ ಕಟ್ಟಬೇಕಾ?
(ನಿವೃತ್ತ ತೋಟದ ರೈಟರ್, ಸಿದ್ದಾಪುರ)

ಉತ್ತರ: ಒಂದು ಪೈಸೆ ಕಟ್ಟಬೇಕಿಲ್ಲ. ಮುಂಗಡ ಕೊಟ್ಟ ಅವಧಿ ಮುಗಿಯೋವರೆಗೆ ಹಳೇ ಪ್ಲ್ಯಾನೇ. ತೋಟದ ಲೆಕ್ಕ ಬರೆದ ಕೈ ಅಲ್ವಾ, ಸರಿಯಾಗಿಯೇ ಮಾಡಿದ್ದೀರಿ ಸರ್. 2024ರ ಜುಲೈ 3ರಂದು ಜಿಯೋದ 239ರ ಪ್ಲ್ಯಾನ್ 299 ಆಯಿತು ನೋಡಿ. 60 ರೂಪಾಯಿ ತಾನೇ ಅನ್ನಿಸುತ್ತದೆ. ಆದರೆ ಅದು 28 ದಿನದ ಪ್ಲ್ಯಾನ್, ವರ್ಷಕ್ಕೆ 12 ಅಲ್ಲ, 13 ಸಲ ಹಾಕಬೇಕು, ಅಲ್ಲಿಗೆ 780 ರೂಪಾಯಿ. ಈ 28 ದಿನದ ಜಾಣತನಕ್ಕೆ ತಿಂಗಳು ಅಂತ ಹೆಸರಿಟ್ಟವರು ಯಾರೋ. ಒಂದು ಎಚ್ಚರ ಮಾತ್ರ: ಮಧ್ಯದಲ್ಲಿ ಬೇರೆ ಕಂಪನಿಗೆ ಪೋರ್ಟ್ ಆದರೆ ಉಳಿದ ತಿಂಗಳ ದುಡ್ಡು ಹೋಯಿತು ಅಂತಲೇ, ವಾಪಸ್ ಬರಲ್ಲ.

ಪ್ರಶ್ನೆ: ರೇಟು ಏರಿಸಿದ ಸಿಟ್ಟಿಗೆ ನಮ್ಮ ಲೈನ್ ಮನೆಯವರೆಲ್ಲ (ತೋಟದ ಕೆಲಸದವರು) ಕಡಿಮೆ ರೇಟಿನ ಕಂಪನಿಗೆ ಹೋಗುತ್ತಿದ್ದಾರೆ. ನಾನೂ ಹೋಗಲಾ? ಮನೆ ಭಾಗಮಂಡಲದಿಂದ ಒಳಗೆ.
(ಕಾಫಿ ಬೆಳೆಗಾರ)

ಉತ್ತರ: ಈಗಲೇ ಬೇಡ. ನಮ್ಮ ಜಿಲ್ಲೆಯಲ್ಲಿ ಕಂಪನಿಯ ರೇಟಿಗಿಂತ ಮೊದಲು ಟವರ್ ನೋಡಬೇಕು. ಪೋರ್ಟ್ ಆದ ಮೇಲೆ 90 ದಿನ ಮತ್ತೆ ಬೇರೆ ಕಡೆ ಹೋಗೋಕೆ ಆಗಲ್ಲ, ಅದು ಮಳೆಗಾಲದ 90 ದಿನವಾದರೆ ಗತಿ ಏನು? ಕಳೆದ ವರ್ಷ ನಾನು ಇದೇ ತಪ್ಪು ಮಾಡಿದೆ. ಮೇ ತಿಂಗಳಲ್ಲಿ ಜಗುಲಿಯಲ್ಲಿ ಚೆನ್ನಾಗಿ ಸಿಗ್ನಲ್ ಸಿಕ್ಕಿತು ಅಂತ ಬದಲಿಸಿಬಿಟ್ಟೆ. ಜೂನ್ ಕೊನೆಗೆ ಮರ ಬಿದ್ದು ಕರೆಂಟ್ ಹೋಯಿತು, ಟವರಿನ ಬ್ಯಾಟರಿ ಖಾಲಿಯಾಯಿತು, ಜನರೇಟರಿಗೆ ಡೀಸೆಲ್ ಹಾಕೋಕೆ ರಸ್ತೆ ಇಲ್ಲ. ನಾಲ್ಕು ದಿನ ಫೋನು ಸುಮ್ನೆ ಗಡಿಯಾರ ಆಗಿತ್ತು. ಬ್ಯಾಂಕ್ ಒಟಿಪಿಗೋಸ್ಕರ ಕೊಡೆ ಹಿಡಿದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಗುಡ್ಡ ಹತ್ತಿದ್ದೇ ಹತ್ತಿದ್ದು.

ಅದಕ್ಕೇ ಹೇಳೋದು, ಮುಖ್ಯ ನಂಬರ್ ಮುಟ್ಟಬೇಡಿ. ಆ ಕಂಪನಿಯ ಒಂದು ಹೊಸ ಪ್ರೀಪೇಯ್ಡ್ ಸಿಮ್ ತಗೊಂಡು ಎರಡನೇ ಸ್ಲಾಟಿಗೆ ಹಾಕಿ, ಸಣ್ಣ ರೀಚಾರ್ಜ್ ಸಾಕು. ಜೋರು ಮಳೆಯ ಕಕ್ಕಡ ತಿಂಗಳು, ಅಂದರೆ ಆಗಸ್ಟ್ ಮಧ್ಯ, ಮುಗಿಯೋವರೆಗೆ ಇಟ್ಟು ನೋಡಿ. ಜಗುಲಿಯಲ್ಲಿ ಮಾತ್ರ ಅಲ್ಲ, ಅಡಿಗೆಮನೆಯಲ್ಲಿ, ಕಣದಲ್ಲಿ, ಲೈನ್ ಮನೆಯಲ್ಲೂ ನೋಡಿ. ಕರೆಂಟ್ ಹೋದ ಎರಡನೇ ದಿನವೂ ಎರಡು ಕಡ್ಡಿ ಇದ್ದರೆ ಆಗ 1900ಕ್ಕೆ ಮೆಸೇಜ್ ಕಳಿಸಿ. ಲೈನ್ ಮನೆಯಲ್ಲಿ ಈಗಾಗಲೇ ಹೋದವರು ಇದ್ದಾರಲ್ಲ, ಮಳೆ ಜೋರಾದ ದಿನ ಅವರ ಫೋನಿಗೊಂದು ಕಾಲ್ ಮಾಡಿ ನೋಡಿ, ಸಿಮ್ ಖರ್ಚೂ ಉಳಿಯುತ್ತದೆ.